ಗಿಣ್ಣು ಮೊದಲು ಕರುವಿಗೆ

ಹಾರೋಹಳ್ಳಿಗೆ ಎರಡು ಮೈಲಿ ದೂರದ ಊರಲ್ಲಿ ನಮ್ಮ ದೊಡ್ಡಮ್ಮನ ಮನೆ. ಹೋದ ವರ್ಷ ಕಾರ್ತಿಕದಲ್ಲಿ ನಾನು ಅಲ್ಲಿದ್ದ ರಾತ್ರಿಯೇ ಸೀಮೆಹಸು ಕರು ಹಾಕಿತು. ಹೆಣ್ಣುಗರು, ಹಣೆಯ ಮೇಲೆ ಬಿಳಿ ಮಚ್ಚೆ. ಹಸು ಅದನ್ನು ನೆಕ್ಕಿ ನೆಕ್ಕಿ ಒಣಗಿಸುತ್ತಿತ್ತು. ಅರ್ಧ ಗಂಟೆಯೊಳಗೆ ಕರು ಮುಂಗಾಲೂರಿ ಎದ್ದಿತು, ಬಿತ್ತು, ಮತ್ತೆ ಎದ್ದಿತು. ಕೆಚ್ಚಲು ಎಲ್ಲಿದೆಯೆಂದು ತಿಳಿಯದೆ ತಾಯಿಯ ಮುಂಗಾಲಿನ ಸಂದಿಗೆ ಮೂತಿ ತೂರಿಸಿತು. ಅಷ್ಟರಲ್ಲಿ ದೊಡ್ಡಮ್ಮ ಬಂದು ಅದನ್ನು ಮೆಲ್ಲಗೆ ಎಳೆದು ಆಚೆ ಗೂಟಕ್ಕೆ ಕಟ್ಟಿದರು.

"ಕಸ ಬೀಳ್ಲಿ ಕಣಪ್ಪ, ಆಮೇಲೆ ಬಿಡಾನ. ಈಗ್ಲೇ ಕುಡಿಸಿದ್ರೆ ಕಸ ಒಳಗೇ ನಿಂತ್ಕತದೆ" ಎಂದರು.

ಕಸ, ಅಂದರೆ ಮಾಸು, ಬಿದ್ದದ್ದು ಬೆಳಗಿನ ಜಾವ ಐದು ಗಂಟೆಗೆ. ಅಲ್ಲಿಯವರೆಗೆ ಕರು ಹಗ್ಗ ಚೀಪಿಕೊಂಡು ಮಲಗಿತ್ತು. ಆಮೇಲೆ ಕರೆದ ಗಿಣ್ಣಿನಲ್ಲಿ ಒಂದು ಚೊಂಬು ಅಕ್ಕಪಕ್ಕದ ಮನೆಗಳಿಗೆ ಹೋಯಿತು, ಒಂದು ಪಾತ್ರೆ ಒಲೆಯ ಮೇಲೆ ಬೆಲ್ಲ ಏಲಕ್ಕಿಯ ಜೊತೆ ಕೂತಿತು, ಉಳಿದದ್ದು ಕರುವಿಗೆ. ಐದನೆಯ ದಿನ ಕರುವಿಗೆ ಬಿಳಿಭೇದಿ ಹಿಡಿಯಿತು. ದನದ ಡಾಕ್ಟರು ಬಂದು ಗ್ಲೂಕೋಸ್ ಏರಿಸಿದರು, ಇಂಜೆಕ್ಷನ್ ಕೊಟ್ಟರು. ಹೊರಡುವಾಗ ಕೈ ತೊಳೆಯುತ್ತಾ ಅವರು ಕೇಳಿದ್ದು ಒಂದೇ ಪ್ರಶ್ನೆ: "ಗಿಣ್ಣು ಎಷ್ಟು ಹೊತ್ತಿಗೆ ಕುಡಿಸಿದ್ರಿ?" ಎಂಟನೆಯ ದಿನ ಕರು ಉಳಿಯಲಿಲ್ಲ. ತಡವಾದದ್ದರಿಂದಲೇ ಸತ್ತಿತೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಅದರ ಉತ್ತರ ಹುಡುಕಿಕೊಂಡು ಹೊರಟರೆ ರೋಗನಿರೋಧಕ ವಿಜ್ಞಾನದ ನಡುಮನೆಗೇ ಹೋಗಿ ನಿಲ್ಲುತ್ತೇವೆ.

ಗಿಣ್ಣಿನಲ್ಲಿ ಇರುವುದು ಪ್ರತಿಕಾಯ. ಮೈಗೆ ಹೊಕ್ಕ ರೋಗಾಣುವನ್ನೋ ವಿಷವನ್ನೋ ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನು ಅದು. ಇಮ್ಯುನೊಗ್ಲಾಬ್ಯುಲಿನ್ ಎಂಬುದು ಅದರ ಇನ್ನೊಂದು ಹೆಸರು. ಒಳ್ಳೆಯ ಗಿಣ್ಣಿನ ಒಂದು ಲೀಟರಿನಲ್ಲಿ 50 ಗ್ರಾಂ ಅಥವಾ ಅದಕ್ಕೂ ಹೆಚ್ಚು ಪ್ರತಿಕಾಯ ಇರುತ್ತದೆ. ಅದೇ ಹಸುವಿನ ಮಾಮೂಲಿ ಹಾಲಿನಲ್ಲಿ ಲೀಟರಿಗೆ ಒಂದು ಗ್ರಾಂ ಕೂಡ ಇರುವುದಿಲ್ಲ. ಮೊದಲನೆಯ ಸಲ ಕರೆದ ಗಿಣ್ಣೇ ಗಟ್ಟಿ. ಎರಡನೆಯ, ಮೂರನೆಯ ಸಲಕ್ಕೆ ಸರಸರನೆ ಇಳಿಯುತ್ತದೆ. ಗಿಣ್ಣು ಕಾಯಿಸಿದರೆ ಗಟ್ಟಿಯಾಗುವುದೂ ಈ ಪ್ರೋಟೀನುಗಳಿಂದಲೇ. ಮೊಟ್ಟೆಯ ಬಿಳಿ ಕಾವಿಗೆ ಹೆಪ್ಪುಗಟ್ಟಿದ ಹಾಗೆ ಇವೂ ಹೆಪ್ಪುಗಟ್ಟುತ್ತವೆ.

ಹಸು ಇಷ್ಟನ್ನೆಲ್ಲ ಕೆಚ್ಚಲಿಗೆ ಏಕೆ ಇಳಿಸುತ್ತದೆ? ಹೊಟ್ಟೆಯಲ್ಲಿರುವಾಗ ಕರುವಿಗೆ ಕೊಡಲು ಆಗುವುದಿಲ್ಲವಾದ್ದರಿಂದ. ಹಸುವಿನ ಮಾಸಿನಲ್ಲಿ ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಇರುವ ಪದರಗಳು ದಪ್ಪ, ಪ್ರತಿಕಾಯ ದಾಟುವುದಿಲ್ಲ. ಹಾಗಾಗಿ ಕರು ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯ ಹೆಚ್ಚುಕಡಿಮೆ ಸೊನ್ನೆ. ಕೊಟ್ಟಿಗೆಯ ನೆಲ, ಸಗಣಿ, ಹಗ್ಗ, ನೊಣ ಎಲ್ಲದರಲ್ಲೂ ರೋಗಾಣು. ಕರುವಿನ ಬಳಿ ಆಯುಧವಿಲ್ಲ. ತಾಯಿಯಿಂದ ಅದಕ್ಕೆ ಆಯುಧ ಸಿಗುವ ದಾರಿ ಒಂದೇ, ಗಿಣ್ಣು. ಆ ದಾರಿಯೂ ಬಹಳ ಹೊತ್ತು ತೆರೆದಿರುವುದಿಲ್ಲ. ಹುಟ್ಟಿದ ಹೊಸತರಲ್ಲಿ ಕರುವಿನ ಕರುಳು ಪ್ರತಿಕಾಯವನ್ನು ಜೀರ್ಣಿಸದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆರು ಗಂಟೆ ಕಳೆಯುವಷ್ಟರಲ್ಲಿ ಆ ಶಕ್ತಿ ಕುಂದಿರುತ್ತದೆ, ಒಂದು ದಿನಕ್ಕೆ ಬಾಗಿಲು ಮುಚ್ಚಿಯೇ ಹೋಗುತ್ತದೆ. ಆಮೇಲೆ ಎಷ್ಟು ಗಿಣ್ಣು ಕುಡಿದರೂ ಅದು ಹೊಟ್ಟೆಗೆ ಊಟ ಅಷ್ಟೆ.

1922ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟಲ್ ಇದನ್ನು ಕರುಗಳ ಮೇಲೆ ಪರೀಕ್ಷೆ ಮಾಡಿ ನೋಡಿದರು. ಗಿಣ್ಣು ಸಿಗದ ಕರುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸತ್ತವು, ಕುಡಿದವು ಉಳಿದವು. ಅಂದಿಗೆ ಪ್ರತಿಕಾಯ ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬರ್ಲಿನ್‌ನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಶಿಬಸಬುರೊ ಕಿಟಸಾಟೊ 1890ರಲ್ಲೇ ಅದರ ಕೆಲಸ ಕಂಡಿದ್ದರು: ಧನುರ್ವಾಯು ತಡೆದುಕೊಳ್ಳಬಲ್ಲ ಪ್ರಾಣಿಯ ರಕ್ತದ ತಿಳಿಯನ್ನು ಇನ್ನೊಂದಕ್ಕೆ ಚುಚ್ಚಿದರೆ ಅದಕ್ಕೂ ರಕ್ಷಣೆ ಬರುತ್ತದೆ ಎಂದು. ಕೆಲಸ ಕಂಡಿತ್ತು, ಆಕಾರ ಕಂಡಿರಲಿಲ್ಲ. ಆಕಾರ ಕಾಣಲು ಇನ್ನೂ ಸುಮಾರು 70 ವರ್ಷ ಬೇಕಾಯಿತು.

ಆ ಕತೆಯಲ್ಲಿ ನನಗೆ ತುಂಬ ಪ್ರೀತಿಯ ಭಾಗ ಪರಂಗಿಕಾಯಿಯದು. ನಮ್ಮ ಕಡೆ ಮಟನ್ ಬಲಿತಿದ್ದರೆ ಸಾರಿಗೆ ಒಂದೆರಡು ಹೋಳು ಹಸಿ ಪರಂಗಿಕಾಯಿ ಹಾಕುತ್ತಾರೆ, ಮಾಂಸ ಬೇಗ ಬೇಯಲಿ ಎಂದು. ಆ ಕಾಯಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವ ಇದೆ, ಅದು ಪ್ರೋಟೀನನ್ನು ಕತ್ತರಿಸುತ್ತದೆ. ಲಂಡನ್ನಿನ ರಾಡ್ನಿ ಪೋರ್ಟರ್ 1959ರಲ್ಲಿ ಮೊಲದ ಪ್ರತಿಕಾಯಕ್ಕೆ ಇದೇ ಪಪೇನ್ ಬೆರೆಸಿದರು. ಪ್ರತಿಕಾಯ ಮನಬಂದಂತೆ ಪುಡಿಯಾಗಲಿಲ್ಲ, ಅಚ್ಚುಕಟ್ಟಾಗಿ ಮೂರು ತುಂಡಾಯಿತು. ಎರಡು ತುಂಡು ಒಂದೇ ಥರ. ರೋಗಾಣುವಿಗೆ ಅಂಟುವ ಗುಣ ಇವಕ್ಕಿತ್ತು. ಮೂರನೆಯದು ಅಂಟುತ್ತಿರಲಿಲ್ಲ, ಆದರೆ ತಣ್ಣಗಿಟ್ಟರೆ ಹರಳುಗಟ್ಟುತ್ತಿತ್ತು. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಜೆರಾಲ್ಡ್ ಎಡೆಲ್‌ಮನ್ ಇನ್ನೊಂದು ದಿಕ್ಕಿನಿಂದ ಬಂದರು. ಪ್ರತಿಕಾಯವನ್ನು ಹಿಡಿದಿಟ್ಟಿರುವ ಗಂಧಕದ ಬಂಧಗಳನ್ನು ಬಿಚ್ಚಿದರು. ಅದು ಉದ್ದುದ್ದ ಸರಪಳಿಗಳಾಗಿ ಬೇರೆಯಾಯಿತು, ಕೆಲವು ಭಾರ, ಕೆಲವು ಹಗುರ. ಎರಡನ್ನೂ ಕೂಡಿಸಿದಾಗ ಚಿತ್ರ ಮೂಡಿತು. ಇಬ್ಬರಿಗೂ ಸೇರಿ 1972ರಲ್ಲಿ ನೊಬೆಲ್ ಬಂತು.

ಚಿತ್ರ ಕಣ್ಣಿಗೆ ಕಟ್ಟಬೇಕಾದರೆ ಒಂದು ಕವೆಯನ್ನು ನೆನೆಯಿರಿ. ಬಾಳೆಗೊನೆ ಭಾರಕ್ಕೆ ಬಾಗದಿರಲೆಂದು ಊರೆ ಕೊಡುತ್ತೇವಲ್ಲ, ಆ ಕವಲು ಕೋಲು. ಕೆಳಗೆ ಒಂದು ಕಾಂಡ, ಮೇಲೆ ಎರಡು ತೋಳು. ಎರಡು ಭಾರ ಸರಪಳಿಗಳು ಕಾಂಡದ ಬುಡದಿಂದ ಜೊತೆಯಾಗಿ ಏರಿ, ಕವಲಿನಲ್ಲಿ ಒಂದು ಎಡಕ್ಕೆ ಒಂದು ಬಲಕ್ಕೆ ತಿರುಗುತ್ತವೆ. ಪ್ರತಿ ತೋಳಿನ ಹೊರಮೈಗೆ ಒಂದೊಂದು ಹಗುರ ಸರಪಳಿ ಒತ್ತಿಕೊಂಡಿರುತ್ತದೆ. ಒಟ್ಟು ನಾಲ್ಕು ಸರಪಳಿ. ಭಾರದ್ದರಲ್ಲಿ ಸುಮಾರು 450 ಅಮೈನೊ ಆಮ್ಲ, ಹಗುರದ್ದರಲ್ಲಿ ಸುಮಾರು 220. ಕವಲು ಒಡೆಯುವ ಜಾಗ ಬಾಗಿಲ ತಿರುಗಣಿಯ ಹಾಗೆ ಸಡಿಲ; ತೋಳುಗಳು ಅಗಲವಾಗಬಲ್ಲವು, ಹತ್ತಿರ ಬರಬಲ್ಲವು. ಪಪೇನ್ ಕತ್ತರಿಸಿದ್ದು ಅಲ್ಲೇ, ಆದ್ದರಿಂದಲೇ ಎರಡು ತೋಳು ಒಂದು ಕಾಂಡ ಎಂದು ಮೂರು ತುಂಡು ಸಿಕ್ಕಿತು. ಇಡೀ ಕವೆಯ ಅಳತೆ ಹತ್ತು ನ್ಯಾನೊಮೀಟರ್ ಆಸುಪಾಸು. ಒಂದು ಮಿಲಿಮೀಟರಿನಲ್ಲಿ ಇಂಥವನ್ನು ಒಂದು ಲಕ್ಷ ಸಾಲಾಗಿ ನಿಲ್ಲಿಸಬಹುದು.

ತೋಳಿಗೂ ಕಾಂಡಕ್ಕೂ ಕೆಲಸ ಬೇರೆ. ತೋಳಿನ ತುದಿ ಹಿಡಿಯುವುದಕ್ಕೆ. ಕಾಂಡ ಕರೆಯುವುದಕ್ಕೆ: ಇಲ್ಲೊಬ್ಬ ಕಳ್ಳ ಸಿಕ್ಕಿದ್ದಾನೆ, ಬನ್ನಿ ಎಂದು ನುಂಗುವ ಕಣಗಳನ್ನೂ ರಕ್ತದ ಇತರ ಪ್ರೋಟೀನುಗಳನ್ನೂ ಕೂಗುವುದು ಅದರ ಕೆಲಸ. ಈ ಎರಡನ್ನು ಬೇರೆ ಮಾಡಿ ನೋಡಿದರೆ ಪ್ರತಿಕಾಯದ ಬಗ್ಗೆ ಕೇಳುವ ಮುಕ್ಕಾಲು ಪಾಲು ಸಂಗತಿ ತಾನಾಗಿ ಅರ್ಥವಾಗುತ್ತದೆ.

ಮೊದಲು ತುದಿ. ಪ್ರತಿ ತೋಳಿನ ತುದಿಯಲ್ಲಿ ಆರು ಪುಟ್ಟ ಕುಣಿಕೆಗಳಿವೆ, ಮೂರು ಭಾರ ಸರಪಳಿಯವು, ಮೂರು ಹಗುರದ್ದವು. ಇವುಗಳ ಆಕಾರ ಪ್ರತಿಕಾಯದಿಂದ ಪ್ರತಿಕಾಯಕ್ಕೆ ಬೇರೆ. ಹಾಗಾಗಿಯೇ ಒಂದು ದಡಾರದ ವೈರಸ್ಸಿಗೆ ಕೂರುತ್ತದೆ, ಇನ್ನೊಂದು ಧನುರ್ವಾಯುವಿನ ವಿಷಕ್ಕೆ. ಇಷ್ಟು ಬಗೆಯ ತುದಿಗಳಿಗೆ ಒಂದೊಂದು ಜೀನ್ ಇಡಲು ನಮ್ಮ ಕೋಶದಲ್ಲಿ ಜಾಗವಿಲ್ಲ. ಸುಸುಮು ತೊನೆಗಾವ 1976ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತೋರಿಸಿದ್ದು ಇದರ ಗುಟ್ಟನ್ನು. ಚನ್ನಪಟ್ಟಣದ ಗೊಂಬೆ ಮಾಡುವ ಮನೆಯಲ್ಲಿ ತಲೆಗಳದೊಂದು ರಾಶಿ, ಮೈಗಳದೊಂದು ರಾಶಿ, ಪೀಠಗಳದೊಂದು ರಾಶಿ ಇದೆಯೆಂದುಕೊಳ್ಳಿ. ಪ್ರತಿ ರಾಶಿಯಿಂದ ಒಂದೊಂದನ್ನು ತೆಗೆದು ಕೂಡಿಸಿದರೆ ಕೆಲವೇ ತುಂಡುಗಳಿಂದ ಸಾವಿರಾರು ಗೊಂಬೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಜೀನಿನ ತುಂಡುಗಳಿಂದ ಮಾಡುವುದು ಇದನ್ನೇ. ಮನುಷ್ಯನ ಭಾರ ಸರಪಳಿಗೆ ಸುಮಾರು 40, 23 ಮತ್ತು 6 ತುಂಡುಗಳ ಮೂರು ರಾಶಿ. ಗುಣಿಸಿದರೆ 5,520 ಜೋಡಣೆ. ಅದಕ್ಕೆ ಹಗುರ ಸರಪಳಿಯ ಜೋಡಣೆ ಸೇರಿ, ತುಂಡು ಕೂಡುವ ಗೆಣ್ಣಿನಲ್ಲಿ ಒಂದೆರಡು ಅಕ್ಷರ ಹೆಚ್ಚುಕಡಿಮೆಯಾಗಿ, ಲೆಕ್ಕ ಕೋಟಿ ಕೋಟಿಗೆ ಏರುತ್ತದೆ. ತೊನೆಗಾವರಿಗೆ 1987ರಲ್ಲಿ ನೊಬೆಲ್ ಸಂದಿತು.

ಹಸುವಿನ ಬಳಿ ಇಷ್ಟು ಬಗೆಯ ತುಂಡುಗಳಿಲ್ಲ. ಅದು ಬೇರೆ ಉಪಾಯ ಹಿಡಿದಿದೆ. ಅದರ ಪ್ರತಿಕಾಯಗಳಲ್ಲಿ ಸುಮಾರು ಹತ್ತಕ್ಕೆ ಒಂದರಲ್ಲಿ ಭಾರ ಸರಪಳಿಯ ಒಂದು ಕುಣಿಕೆ ವಿಪರೀತ ಉದ್ದ, 60-70 ಅಮೈನೊ ಆಮ್ಲಗಳಷ್ಟು. ನಮ್ಮದರಲ್ಲಿ ಅದು ಸಾಮಾನ್ಯವಾಗಿ ಹದಿನೈದರ ಆಸುಪಾಸು. ಉದ್ದ ತೊಟ್ಟಿನ ತುದಿಗೆ ಗುಂಡಿ ಇಟ್ಟಂತೆ ಅದು ಹೊರಚಾಚಿರುತ್ತದೆ, ಬೇರೆ ಪ್ರತಿಕಾಯ ತಲುಪಲಾಗದ ಸಂದಿಗೂ ನುಗ್ಗುತ್ತದೆ. 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ನಾಲ್ಕು ಕರುಗಳಿಗೆ ಎಚ್‌ಐವಿ ವೈರಸ್ಸಿನ ಹೊರಮೈಯ ಪ್ರೋಟೀನನ್ನು ಚುಚ್ಚಲಾಯಿತು. ಮನುಷ್ಯನ ದೇಹ ವರ್ಷಗಟ್ಟಲೆ ಹೆಣಗಿದರೂ ಅಪರೂಪಕ್ಕೆ ಮಾತ್ರ ತಯಾರಿಸುವ, ಹಲವು ತಳಿಯ ಎಚ್‌ಐವಿಯನ್ನು ತಡೆಯುವ ಪ್ರತಿಕಾಯ ಆ ಕರುಗಳಲ್ಲಿ ಕೆಲವೇ ವಾರಗಳಲ್ಲಿ ಕಾಣಿಸಿಕೊಂಡಿತು. ನಮ್ಮ ಕೊಟ್ಟಿಗೆಯ ಪ್ರಾಣಿಯ ಮೈಯಲ್ಲಿ ಇಂಥದ್ದಿದೆ ಎಂದು ಓದಿದ ದಿನ ನಾನು ಬೇರೆ ಏನನ್ನೂ ಓದಲಿಲ್ಲ.

ಈಗ ಕಾಂಡ. ಪ್ರತಿಕಾಯದ ವರ್ಗಗಳು ಎಂದರೆ ಕಾಂಡದ ಬಗೆಗಳು. ಭಾರ ಸರಪಳಿಯಲ್ಲಿ ಐದು ಜಾತಿ, ಆದ್ದರಿಂದ ವರ್ಗವೂ ಐದು: ಜಿ, ಎಂ, ಎ, ಇ, ಡಿ. ಇವು ಪುಸ್ತಕದ ಮಾತು ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಹಾರೋಹಳ್ಳಿಯ ಯಾವ ಲ್ಯಾಬಿನ ಮುಂದೆ ನಿಂತರೂ ಡೆಂಗಿ ರಿಪೋರ್ಟು ಹಿಡಿದವರು ಕಾಣುತ್ತಾರೆ, ಅದರಲ್ಲಿ ಐಜಿಎಂ, ಐಜಿಜಿ ಎಂದು ಎರಡು ಸಾಲು ಇರುತ್ತದೆ. ದೇಹ ಹೊಸ ರೋಗಾಣುವಿಗೆ ಮೊದಲು ಬಿಡುವುದು ಎಂ. ಜ್ವರ ಬಂದ ನಾಲ್ಕೈದು ದಿನಕ್ಕೆ ಅದು ರಕ್ತದಲ್ಲಿ ಕಾಣಿಸುತ್ತದೆ, ಕೆಲವು ತಿಂಗಳಲ್ಲಿ ಮರೆಯಾಗುತ್ತದೆ. ಜಿ ತಡವಾಗಿ ಬಂದು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಎಂ ಮಾತ್ರ ಪಾಸಿಟಿವ್ ಇದ್ದರೆ ಸೋಂಕು ಹೊಸದು ಎಂದರ್ಥ. ಜ್ವರದ ಮೊದಲ ದಿನಗಳಲ್ಲೇ ಜಿ ಜೋರಾಗಿ ಕಂಡರೆ ಈ ಮನುಷ್ಯನಿಗೆ ಹಿಂದೆಯೂ ಡೆಂಗಿ ಬಂದಿತ್ತು ಎಂದು ವೈದ್ಯರು ಎಚ್ಚರವಾಗುತ್ತಾರೆ, ಎರಡನೆಯ ಸಲದ ಡೆಂಗಿ ತೀವ್ರವಾಗುವ ಸಂಭವ ಹೆಚ್ಚು. ರಿಪೋರ್ಟಿನ ಆ ಎರಡು ಸಾಲು ಕಾಂಡದ ಎರಡು ಬಗೆಯನ್ನೇ ಹೇಳುತ್ತಿರುವುದು.

ಎಂ ವರ್ಗದಲ್ಲಿ ಐದು ಕವೆಗಳು ಬುಡ ಕೂಡಿಸಿ ಸುತ್ತಲೂ ಕೈ ಚಾಚಿ ನಿಂತಿರುತ್ತವೆ, ಹತ್ತು ತೋಳು. ಒಂದೊಂದು ತೋಳಿನ ಹಿಡಿತ ಸಡಿಲವಾದರೂ ಹತ್ತೂ ಸೇರಿ ಹಿಡಿದರೆ ಬಿಗಿ. ಅವಸರಕ್ಕೆ ತಯಾರಾದ ಪ್ರತಿಕಾಯಕ್ಕೆ ಈ ಏರ್ಪಾಡು ಸರಿಯಾಗಿ ಒಪ್ಪುತ್ತದೆ. ರಕ್ತದ ಗುಂಪು ಹೊಂದದ ರಕ್ತ ಕೊಟ್ಟರೆ ಕಣಗಳು ಗುಪ್ಪೆಗಟ್ಟುವುದು ಹೆಚ್ಚಾಗಿ ಇದರಿಂದಲೇ.

ಜಿ ಒಂಟಿ ಕವೆ. ರಕ್ತದಲ್ಲಿರುವ ಪ್ರತಿಕಾಯದಲ್ಲಿ ಮುಕ್ಕಾಲು ಪಾಲು ಇದೇ. ಇದರ ಅರ್ಧಾಯುಷ್ಯ ಸುಮಾರು ಮೂರು ವಾರ. ಮನುಷ್ಯರಲ್ಲಿ ಮಾಸನ್ನು ದಾಟಿ ಮಗುವನ್ನು ಸೇರುವುದೂ ಇದೊಂದೇ. ಇದರ ಕಾಂಡವನ್ನು ಹಿಡಿದು ಆಚೆ ದಾಟಿಸುವ ಅಂಬಿಗನಂಥ ಪ್ರೋಟೀನು ಮಾಸಿನಲ್ಲಿದೆ, ಎಂ ಅನ್ನು ಅದು ಮುಟ್ಟುವುದಿಲ್ಲ. ಈ ದಾಟುವಿಕೆ ವರ, ಒಮ್ಮೊಮ್ಮೆ ಅಪಾಯ ಕೂಡ. ತಾಯಿ ಆರ್‌ಎಚ್ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದರೆ ತಾಯಿಯ ಜಿ ಪ್ರತಿಕಾಯ ದಾಟಿ ಹೋಗಿ ಮುಂದಿನ ಮಗುವಿನ ರಕ್ತಕಣಗಳನ್ನು ಒಡೆಯಬಹುದು. ಬಸುರಿಯರಿಗೆ ರಕ್ತದ ಗುಂಪು ಕೇಳಿ, ಬೇಕಾದವರಿಗೆ ಆಂಟಿ-ಡಿ ಇಂಜೆಕ್ಷನ್ ಕೊಡುವುದು ಇದಕ್ಕೇ. 1968ರಿಂದ ಬಳಕೆಗೆ ಬಂದ ಆ ಮದ್ದು ಕೂಡ ಜಿ ವರ್ಗದ ಪ್ರತಿಕಾಯವೇ.

ಎ ಇರುವುದು ಹೆಚ್ಚಾಗಿ ಒದ್ದೆ ಜಾಗಗಳಲ್ಲಿ: ಕಣ್ಣೀರು, ಜೊಲ್ಲು, ಕರುಳಿನ ಒಳಮೈ, ಎದೆಹಾಲು. ಎರಡೆರಡು ಕವೆ ಬುಡಕ್ಕೆ ಬುಡ ಸೇರಿಸಿಕೊಂಡಿರುತ್ತವೆ, ಮೇಲೊಂದು ಹೊದಿಕೆಯ ಪ್ರೋಟೀನು ಸುತ್ತಿಕೊಂಡು ಕರುಳಿನ ಜೀರ್ಣರಸದಿಂದ ಕಾಪಾಡುತ್ತದೆ. ದೇಹ ದಿನಕ್ಕೆ ತಯಾರಿಸುವ ಎ ಪ್ರತಿಕಾಯ ಉಳಿದ ನಾಲ್ಕೂ ವರ್ಗದ ಮೊತ್ತಕ್ಕಿಂತ ಹೆಚ್ಚು. ಇ ರಕ್ತದಲ್ಲಿ ಚಿಟಿಕೆಯಷ್ಟೂ ಇಲ್ಲ, ಚರ್ಮ ಮತ್ತು ಉಸಿರುದಾರಿಯ ಕೆಲವು ಕೋಶಗಳ ಮೇಲೆ ಕಾಂಡ ನೆಟ್ಟು ಕೂತಿರುತ್ತದೆ. ಹೊಟ್ಟೆಹುಳುವಿನಂಥ ಪರಾವಲಂಬಿಗಳ ವಿರುದ್ಧ ಅದರ ಕೆಲಸ. ಜೇನು ಕಚ್ಚಿದಾಗ ಕೆಲವರಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟುವುದೂ, ಕಾಂಗ್ರೆಸ್ ಗಿಡ ಹೂಬಿಟ್ಟಾಗ ಸೀನು ಹಿಡಿಯುವುದೂ ಇದರಿಂದಲೇ. ಜಪಾನಿನ ಇಶಿಜಾಕಾ ದಂಪತಿ ಇದನ್ನು 1966ರಲ್ಲಿ ಗುರುತಿಸಿದರು. ಇನ್ನು ಡಿ. ಅದು ಬಹುಪಾಲು ಬಿ ಕೋಶದ ಮೈಮೇಲೆಯೇ ಇರುತ್ತದೆ, ರಕ್ತದಲ್ಲಿ ತೀರ ಕಡಿಮೆ.

ಮನುಷ್ಯರ ಮಗುವಿಗೂ ಕರುವಿಗೂ ವ್ಯತ್ಯಾಸ ಈಗ ತಿಳಿಯಿತು. ನಮ್ಮ ಮಗು ಹೊಟ್ಟೆಯಲ್ಲಿದ್ದಾಗಲೇ, ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ, ತಾಯಿಯ ಜಿ ಪ್ರತಿಕಾಯವನ್ನು ಪಡೆದುಕೊಂಡು ಹುಟ್ಟುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿಗೆ ಸೋಂಕಿನ ಭಯ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ರಕ್ತಕ್ಕೆ ಬೇಕಾದದ್ದು ಮೊದಲೇ ಸಿಕ್ಕಿರುವುದರಿಂದ ನಮ್ಮ ತಾಯಂದಿರ ಮೊದಲ ಹಾಲಿನಲ್ಲಿ ಹೆಚ್ಚಿರುವುದು ಎ, ಅದು ಮಗುವಿನ ಕರುಳನ್ನು ಒಳಗಿನಿಂದ ಕಾಯುತ್ತದೆ. ಹಸುವಿನ ಗಿಣ್ಣಿನಲ್ಲಿ ಹೆಚ್ಚಿರುವುದು ಜಿ. ಕರುವಿಗೆ ರಕ್ತದ ರಕ್ಷಣೆಯೇ ಇನ್ನೂ ಸಿಕ್ಕಿಲ್ಲವಲ್ಲ! ಮೊದಲ ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಬೇಕು ಎನ್ನುವ ಹಿರಿಯರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಅವರ ಮಾತಿಗೆ ಎದುರಾಡಲು ಬಾಣಂತಿಗೆ ಕಷ್ಟ. ಆ ಮನೆಯ ಗಂಡಸರು ಆಡಬೇಕು.

ತಾಯಿಯಿಂದ ಬಂದ ಜಿ ತಿಂಗಳು ತಿಂಗಳಿಗೆ ಕರಗುತ್ತದೆ, ಆರು ತಿಂಗಳ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ದಡಾರ-ರುಬೆಲ್ಲಾ ಲಸಿಕೆಯನ್ನು ಒಂಬತ್ತು ತಿಂಗಳಿಗೆ ಹಾಕುವುದೂ ಇದೇ ಲೆಕ್ಕದಿಂದ. ಅದಕ್ಕೂ ಬಹಳ ಮೊದಲು ಹಾಕಿದರೆ ತಾಯಿಯ ಪ್ರತಿಕಾಯವೇ ಲಸಿಕೆಯ ವೈರಸ್ಸನ್ನು ಹಿಡಿದು ಮುಗಿಸಿಬಿಡುತ್ತದೆ, ಮಗುವಿನ ದೇಹ ಕಲಿಯುವುದಿಲ್ಲ. ಅಂಗನವಾಡಿಯ ಕಾರ್ಡಿನಲ್ಲಿರುವ ಆ ತಾರೀಖಿನ ಹಿಂದೆ ಒಂದು ಪ್ರೋಟೀನಿನ ಆಯುಷ್ಯದ ಲೆಕ್ಕವಿದೆ.

ಕರು ಗಿಣ್ಣಿನಿಂದ ಪಡೆಯುವುದು ಎರವಲು ಪ್ರತಿಕಾಯ. ನಮಗೂ ದೊಡ್ಡವರಾದ ಮೇಲೆ ಎರವಲು ಬೇಕಾಗುವ ಸಂದರ್ಭ ಬರುತ್ತದೆ. ನಮ್ಮ ಸೀಮೆಯಲ್ಲಿ ಅದು ಹಾವು ಕಡಿದಾಗ. ರಾಗಿ ಕುಯ್ಯುವಾಗ, ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ, ರಾತ್ರಿ ನೀರು ಕಟ್ಟಲು ಹೋದಾಗ ಹಾವು ತುಳಿದವರು ಪ್ರತಿ ಊರಲ್ಲೂ ಸಿಗುತ್ತಾರೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿರಬೇಕೆಂದು 2020ರ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಆಸ್ಪತ್ರೆಯಲ್ಲಿ ಕೊಡುವ ಮದ್ದು ಕುದುರೆಯ ಪ್ರತಿಕಾಯ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ತೆಗೆಯುತ್ತಾರೆ. ಅಷ್ಟನ್ನೇ ಹಾಗೇ ಕೊಟ್ಟರೆ ಕುದುರೆಯ ಕಾಂಡವನ್ನು ನಮ್ಮ ದೇಹ ಹೊರಗಿನದೆಂದು ತಿಳಿದು ತಿರುಗಿಬೀಳುವ ಭಯ ಹೆಚ್ಚು. ಆದ್ದರಿಂದ ಪೆಪ್ಸಿನ್ ಎಂಬ ಕಿಣ್ವದಿಂದ ಕಾಂಡ ಕತ್ತರಿಸಿ ಹಾಕುತ್ತಾರೆ. ಪಪೇನ್ ಕತ್ತರಿಸುವುದಕ್ಕಿಂತ ಸ್ವಲ್ಪ ಕೆಳಗೆ ಇದು ಕತ್ತರಿಸುತ್ತದೆ, ಹಾಗಾಗಿ ಎರಡು ತೋಳೂ ಕೂಡಿಕೊಂಡೇ ಉಳಿಯುತ್ತವೆ. ವಿಷವನ್ನು ಹಿಡಿಯಲು ತೋಳು ಸಾಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ ಈ ಮದ್ದಿನ ಒಂದು ಕೊರತೆಯನ್ನು ವರ್ಷಗಳಿಂದ ಎತ್ತಿ ತೋರಿಸುತ್ತಿದೆ: ಒಂದೇ ಜಾತಿಯ ಹಾವಿನ ವಿಷ ಸೀಮೆಯಿಂದ ಸೀಮೆಗೆ ಬೇರೆ, ಒಂದು ಕಡೆಯ ವಿಷದಿಂದ ಮಾಡಿದ ಮದ್ದು ಇನ್ನೊಂದು ಕಡೆ ಅಷ್ಟೇ ಚೆನ್ನಾಗಿ ಹಿಡಿಯುವುದಿಲ್ಲ. 2024ರಲ್ಲಿ ಅವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ, ನಾಗರ ವಂಶದ ಹಲವು ಹಾವುಗಳ ನರವಿಷವನ್ನು ಇಲಿಗಳಲ್ಲಿ ತಡೆದ, ಕುದುರೆಯ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ರೂಪಿಸಿದ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿದರು. ಅದು ಮದ್ದಾಗಿ ಬರುವುದಕ್ಕೆ ದಾರಿ ಇನ್ನೂ ಇದೆ. ಅದೇ ವರ್ಷ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಕಡಿದವರನ್ನು ಮಂತ್ರ ಹಾಕಿಸಲು ಕರೆದೊಯ್ಯಬೇಡಿ, ಆ ಹೊತ್ತಿನಲ್ಲಿ ಕನಕಪುರವನ್ನೋ ರಾಮನಗರವನ್ನೋ ಮುಟ್ಟಬಹುದು.

ರೇಷ್ಮೆಯ ಜಿಲ್ಲೆಯವನಾಗಿ ಹುಳುಮನೆಯ ವಿಷಯ ಬಿಟ್ಟರೆ ತಪ್ಪಾದೀತು. ರೇಷ್ಮೆಹುಳುವಿಗೆ ಪ್ರತಿಕಾಯವೇ ಇಲ್ಲ. ಯಾವ ಕೀಟಕ್ಕೂ ಇಲ್ಲ. ಈ ಕವೆಯಾಕಾರದ ಪ್ರೋಟೀನು ಇರುವುದು ದವಡೆಯಿರುವ ಬೆನ್ನೆಲುಬಿನ ಪ್ರಾಣಿಗಳಲ್ಲಿ ಮಾತ್ರ, ಶಾರ್ಕ್ ಮೀನಿನಿಂದ ನಮ್ಮವರೆಗೆ. ಹುಳು ತನ್ನದೇ ಸರಳ ರಕ್ಷಣೆಯಲ್ಲಿ ಬದುಕುತ್ತದೆ. ಒಮ್ಮೆ ಬಂದ ರೋಗವನ್ನು ಪ್ರತಿಕಾಯವಾಗಿ ನೆನಪಿಟ್ಟುಕೊಳ್ಳುವ ಏರ್ಪಾಡು ಅದಕ್ಕಿಲ್ಲ. ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟುರೋಗ ಯಾವುದಕ್ಕೂ ದನಕ್ಕೆ ಹಾಕಿಸಿದ ಹಾಗೆ ಲಸಿಕೆ ಹಾಕಿಸಲಾಗದು. ಚಾಕಿ ಕಟ್ಟುವ ಮೊದಲು ಮನೆ ತೊಳೆದು ಬ್ಲೀಚಿಂಗ್ ಪೌಡರ್ ಸಿಂಪಡಿಸುವ, ಸುಣ್ಣ ಎರಚುವ, ರೋಗದ ಹುಳು ಆರಿಸಿ ಸುಡುವ ನಮ್ಮ ರೈತ ಹೆಂಗಸರ ಕೆಲಸವೇ ಅಲ್ಲಿ ಪ್ರತಿಕಾಯದ ಜಾಗದಲ್ಲಿ ನಿಂತಿದೆ. ರಾಮನಗರದ ಮಾರುಕಟ್ಟೆಗೆ ಬರುವ ಪ್ರತಿ ಗೂಡಿನ ಹಿಂದೆ ಆ ದುಡಿಮೆ ಇದೆ.

ಮತ್ತೆ ಕೊಟ್ಟಿಗೆಗೆ ಬರೋಣ. ಕಸ ಬೀಳುವ ಮುಂಚೆ ಕುಡಿಸಿದರೆ ಕಸ ನಿಲ್ಲುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ನಡೆಯುವುದು ಅದಕ್ಕೆ ತಿರುವುಮುರುವು: ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಏಳುತ್ತದೆ, ಹಾಲು ಇಳಿಸುವುದೂ ಗರ್ಭಕೋಶ ಹಿಂಡಿ ಕಸ ತಳ್ಳಲು ನೆರವಾಗುವುದೂ ಅದೇ. ದೊಡ್ಡಮ್ಮನಿಗೆ ಇದನ್ನೆಲ್ಲ ಒಂದು ಸಂಜೆ ಕೂತು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮತ್ತೆ ಹೇಳ್ಕೊಟ್ಟಿದ್ದು ಕಣಪ್ಪ, ನಾನೂ ಹಂಗೇ ಮಾಡ್ಕಂಡ್ ಬಂದೆ. ಎಷ್ಟು ಕರು ಹೋದ್ವೋ" ಎಂದರು. ಈ ಆಷಾಢದಲ್ಲಿ ಇನ್ನೊಂದು ಹಸು ಕರು ಹಾಕಿತು. ಕರು ಏಳುವ ಮೊದಲೇ ದೊಡ್ಡಮ್ಮ ಕೆಚ್ಚಲು ತೊಳೆದು ಕಾದಿದ್ದರಂತೆ.

ನಿಮ್ಮ ಮನೆಯ ಹಸು ಕರು ಹಾಕಿದರೆ ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಿ. ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೆಯ ಒಂದು ಪಾಲು, ಅಂದರೆ ಮೂವತ್ತು ಕೆ.ಜಿ. ಕರುವಿಗೆ ಮೂರು ಲೀಟರು, ಹೊಟ್ಟೆ ಸೇರಬೇಕು. ಅದರಲ್ಲಿ ಅರ್ಧ ಮೊದಲ ಸಲಕ್ಕೇ. ಕಾಯಿಸಬೇಡಿ, ಕಾವಿಗೆ ಪ್ರತಿಕಾಯ ಹಾಳಾಗುತ್ತದೆ. ಕರು ತಾನಾಗಿ ಚೀಪದಿದ್ದರೆ ಕರೆದು ಬಾಟಲಿಯಲ್ಲಿ ಕುಡಿಸಿ. ಸಿಹಿ ಗಿಣ್ಣಿಗೆ ಎರಡನೆಯ ದಿನದ್ದು ಸಾಕು.